ಆಯವೋ, ಖುಷಿಯೋ? ಟಿಪ್ಸ್ ಕೊಡುವ ಮುನ್ನ ನೋಡಿಕೊಳ್ಳಬೇಕಾದ್ದು

ಬಾಗಲಕೋಟೆಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸು ಇದೆ. ಬೇಸಿಗೆ ಬಂತೆಂದರೆ ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೊರಟವರು ಟಿಕೆಟ್ಟಿಗೆ ಬರುತ್ತಾರೆ. ವೀಸಾ, ಲಗೇಜಿನ ತೂಕ, ಶೇಂಗಾ ಹಿಂಡಿ ಒಯ್ಯಬಹುದೋ ಇಲ್ಲವೋ, ಎಲ್ಲ ಮಾತು ಮುಗಿದು ಏಳುವ ಹೊತ್ತಿಗೆ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುತ್ತಾರೆ: "ಅಲ್ಲೆ ಹೋಟೆಲ್‌ದಾಗ ಮ್ಯಾಲೆ ಎಷ್ಟ ಕೊಡಬೇಕ್ರಿ? ಬಿಲ್ಲಿನ ಐದನೇ ಒಂದ ಪಾಲ ಕೊಡಬೇಕು ಅಂತಾನ ಮಗಾ. ಖರೇ ಏನ್ರಿ?"

ಕೇಳಲು ಅವರಿಗೆ ಸಂಕೋಚ. ನನಗೆ ಮಾತ್ರ ಇದು ಮನಸ್ಸಿಗೆ ತೀರ ಹತ್ತಿರದ ವಿಷಯ. 2004ರಿಂದ ನಾಲ್ಕು ವರ್ಷ ಬೆಳಗಾವಿಯ ಒಂದು ಹೋಟೆಲಿನಲ್ಲಿ ನಾನು ಸಪ್ಲಾಯರ್ ಆಗಿದ್ದೆ. ಜನ ತಾಟಿನಲ್ಲಿ ಬಿಟ್ಟು ಹೋದ ರೊಕ್ಕದಿಂದಲೇ ತಿಂಗಳ ಕೊನೆಯ ವಾರ ದಾಟುತ್ತಿತ್ತು. ಆಮೇಲೆ ಡಲ್ಲಾಸ್‌ನಲ್ಲಿರುವ ತಮ್ಮನ ಮನೆಗೆ ಹೋಗಿಬಂದೆ. ಎರಡೂ ಕಡೆಯಿಂದ ನೋಡಿದ್ದನ್ನು, ಆಫೀಸಿಗೆ ಬಂದವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಊರ ಹೋಟೆಲಿನಿಂದ ಶುರುಮಾಡಿ ಹೊರದೇಶಕ್ಕೆ ಹೋಗೋಣ.

ಮೊದಲು: ಕೊಡುತ್ತಿರುವುದು ಏನು ಎಂದು ಕೇಳಿಕೊಳ್ಳಿ

ನಮ್ಮ ಹಳ್ಳಿಗಳಲ್ಲಿ ಎರಡು ಮಾತಿವೆ. ಸುಗ್ಗಿಯಲ್ಲಿ ಬಡಿಗ, ಕಮ್ಮಾರ, ಕ್ಷೌರಿಕ, ಮಡಿವಾಳ ಕಣಕ್ಕೆ ಬಂದಾಗ ರಾಶಿಯಿಂದ ಮೊರ ತುಂಬಿ ಜೋಳ ಹಾಕುತ್ತಿದ್ದರಲ್ಲ, ಅದು ಆಯ. ವರ್ಷವಿಡೀ ಕೂರಿಗೆ ಕುಂಟೆ ಸರಿಮಾಡಿ ಕೊಟ್ಟದ್ದಕ್ಕೆ ಅದು ಅವರ ಹಕ್ಕಿನ ಪಾಲು. ಕೊಡದಿದ್ದರೆ ತಪ್ಪು ರೈತನದು. ಖುಷಿ ಬೇರೆ. ಮದುವೆಯಲ್ಲಿ ಹೋಳಿಗೆ ಹದವಾಗಿ ಬಂತೆಂದು ಅಡುಗೆಯವರಿಗೆ ಟವೆಲ್ಲು ಹೊದಿಸಿ ಕೈಯಲ್ಲೊಂದು ನೋಟು ಇಡುತ್ತೇವೆ. ಅದನ್ನು ಕೊಡದಿದ್ದರೆ ಯಾರೂ ಕೇಳುವಂತಿಲ್ಲ.

ಟಿಪ್ಸ್ ವಿಷಯದಲ್ಲಿ ನಮಗಾಗುವ ಗೊಂದಲವೆಲ್ಲ ಈ ಎರಡನ್ನು ಕಲಸಿಕೊಂಡಿದ್ದರಿಂದಲೇ. ಅಮೆರಿಕದ ಹೋಟೆಲಿನಲ್ಲಿ ಟಿಪ್ಸ್ ಎನ್ನುವುದು ಹೆಚ್ಚುಕಡಿಮೆ ಆಯ. ನಮ್ಮ ಖಾನಾವಳಿಯಲ್ಲಿ ಅದು ಖುಷಿ. ಜಪಾನಿನಲ್ಲಿ ಖುಷಿಯಾದರೂ ಹೀಗೆ ರೊಕ್ಕ ಬಿಟ್ಟು ಹೋಗುವ ರೂಢಿಯಿಲ್ಲ. ಮೂರನೆಯದೂ ಒಂದಿದೆ. ಖುಷಿ ಎಂಬ ಹೆಸರಿಟ್ಟು ಕೇಳಿ ಕಿತ್ತುಕೊಳ್ಳುವುದು. ಅದಕ್ಕೆ ಬೇರೆ ಹೆಸರಿದೆ, ಮುಂದೆ ಹೇಳುತ್ತೇನೆ. ಎಲ್ಲಿಗೆ ಹೋದರೂ ಕಿಸೆಗೆ ಕೈಹಾಕುವ ಮೊದಲು ಇದು ಯಾವುದು ಎಂದು ಗೊತ್ತುಮಾಡಿಕೊಂಡರೆ ಎಷ್ಟು ಕೊಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಮಾತು ಬಂತೆಂದು ಹೇಳುತ್ತೇನೆ. ಬಕ್ಷೀಸು ಪಾರಸಿಯಿಂದ ಬಂದ ಪದ, ಇನಾಮು ಅರಬ್ಬಿಯಿಂದ. ಆದಿಲಶಾಹಿ ದರ್ಬಾರಿನಲ್ಲಿ ಪಾರಸಿ ಬಳಕೆಯಲ್ಲಿದ್ದ ವಿಜಯಪುರದಲ್ಲಿ ಈ ಪದಗಳು ಇವತ್ತಿಗೂ ಬಾಯಲ್ಲಿವೆ, ಇನಾಮದಾರ ಎಂಬ ಅಡ್ಡಹೆಸರಲ್ಲೂ ಉಳಿದಿವೆ. ನಾವು "ಚಹಾಕ್ಕ ಇಟ್ಕೋ" ಎನ್ನುತ್ತೇವೆ. ರಷ್ಯನ್ ಭಾಷೆಯಲ್ಲೂ ಟಿಪ್ಸ್‌ಗೆ ಚಹಾದ ಹೆಸರೇ ಇದೆ. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಅದು ಕುಡಿಯಲು ಕೊಟ್ಟ ಹಣ. ಇಷ್ಟು ದೂರದೂರದ ಜನ ಒಂದೇ ಮಾತು ಹಿಡಿದಿದ್ದಾರೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಗಿತ್ತು.

ಬಿಲ್ಲನ್ನು ಕೆಳಗಿನವರೆಗೆ ಓದಿ

ಬಾಗಲಕೋಟೆ, ಬೆಳಗಾವಿ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳ ಸಾಮಾನ್ಯ ಹೋಟೆಲುಗಳಲ್ಲಿ ಬಿಲ್ಲೆಂದರೆ ಊಟದ ದರ, ಜಿಎಸ್‌ಟಿ ಇದ್ದರೆ ಅದು, ಅಷ್ಟೇ. ಆದರೆ ಬೆಳಗಾವಿಯವರು ಶನಿವಾರ ಬಂತೆಂದರೆ ಗೋವಾಕ್ಕೆ ಹೋಗುತ್ತಾರೆ, ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಅಲ್ಲಿನ ಬಿಲ್ಲಿನಲ್ಲಿ ಕೆಲವೊಮ್ಮೆ ಸರ್ವಿಸ್ ಚಾರ್ಜ್ ಎಂಬ ಸಾಲು ಇರುತ್ತದೆ, ಶೇ. 5ರಿಂದ 10ರವರೆಗೆ. ಬಹಳ ಜನ ಇದನ್ನು ಸರ್ಕಾರದ ತೆರಿಗೆ ಅಂದುಕೊಳ್ಳುತ್ತಾರೆ. ಅಲ್ಲ. ಸಾಮಾನ್ಯ ಹೋಟೆಲ್ ಊಟದ ಮೇಲೆ ಸರ್ಕಾರ ತೆಗೆದುಕೊಳ್ಳುವುದು ಶೇ. 5ರ ಜಿಎಸ್‌ಟಿ. ಸರ್ವಿಸ್ ಚಾರ್ಜ್ ಹೋಗುವುದು ಹೋಟೆಲಿಗೆ.

ಇದು ಕಡ್ಡಾಯವೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಗ್ರಾಹಕರನ್ನು ಕೇಳದೆ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಕೊಡುವುದಿಲ್ಲ ಎಂದವರನ್ನು ಒಳಗೆ ಬಿಡದೆ ಇರುವಂತಿಲ್ಲ ಎಂದು ಹೇಳಿತು. ಹೋಟೆಲ್ ಸಂಘಟನೆಗಳು ಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆಯೂ ಸಿಕ್ಕಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಟನೆಗಳು ಮೇಲ್ಮನವಿ ಹೋಗಿವೆ.

ಬಿಲ್ಲಿನಲ್ಲಿ ಆ ಸಾಲು ಕಂಡರೆ ಜಗಳ ಬೇಡ. ವೇಟರ್‌ನನ್ನು ಬೈಯಲಂತೂ ಬೇಡ, ಬಿಲ್ಲು ಅವನು ಮಾಡಿದ್ದಲ್ಲ. ಮ್ಯಾನೇಜರನ್ನು ಕರೆದು "ಇದನ್ನ ತೆಗೆದು ಬ್ಯಾರೆ ಬಿಲ್ ಕೊಡ್ರಿ, ಖುಷಿ ನಾವ ಕೈಲೆ ಕೊಡ್ತೀವಿ" ಎನ್ನಿ. ಹೆಚ್ಚಿನ ಕಡೆ ತೆಗೆದುಕೊಡುತ್ತಾರೆ. ತೆಗೆಯದಿದ್ದರೆ ಬಿಲ್ಲಿನ ಫೋಟೊ ಹೊಡೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ತೆಗೆಸಿದ ಮೇಲೆ ನೀವು ಆಡಿದ ಮಾತು ನೆನಪಿರಲಿ: ಖುಷಿ ಕೈಯಲ್ಲಿ ಕೊಟ್ಟೇ ಏಳಿ.

ಅದು ಯಾರ ಕೈಗೆ ಹೋಗುತ್ತದೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ನನ್ನ ಕಾಲದಲ್ಲಿ ಬಿಲ್ಲು ಸ್ಟೀಲಿನ ಸಣ್ಣ ತಾಟಿನಲ್ಲಿ ಹೋಗುತ್ತಿತ್ತು. ಜೊತೆಗೆ ಬಡೇಸೋಪು, ಸಕ್ಕರೆ. ಗಿರಾಕಿ ಎದ್ದ ಮೇಲೆ ಬಡೇಸೋಪಿನೊಳಗೆ ಬೆರಳಾಡಿಸಿದರೆ ಎರಡು ರೂಪಾಯಿ, ಐದು ರೂಪಾಯಿಯ ನಾಣ್ಯ ಸಿಗುತ್ತಿದ್ದವು. ಸಿಕ್ಕಿದ್ದೆಲ್ಲ ಗಲ್ಲೆಯ ಹಿಂದಿದ್ದ ಒಂದು ಡಾಲ್ಡಾ ಡಬ್ಬಿಗೆ. ಅಮಾವಾಸ್ಯೆಯ ರಾತ್ರಿ ಪೂಜೆ ಮುಗಿದ ಮೇಲೆ ಡಬ್ಬಿ ಸುರಿದು ಒಂಬತ್ತು ಜನ ಸಪ್ಲಾಯರ್‌ಗಳು ಹಂಚಿಕೊಳ್ಳುತ್ತಿದ್ದೆವು.

ಹಿಂದೆ ಒಲೆಯ ಮುಂದೆ ಇಬ್ಬರು ಅಕ್ಕಗಳು ಕೂತು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದರು. ಗಿರಾಕಿ ಹೊಗಳುತ್ತಿದ್ದುದು ಅವರ ರೊಟ್ಟಿಯನ್ನು. ಆ ಡಬ್ಬಿಯಲ್ಲಿ ಅವರ ಪಾಲು ಇರಲಿಲ್ಲ, ಟೇಬಲ್ ಒರೆಸುವ ಹುಡುಗನ ಪಾಲೂ ಇರಲಿಲ್ಲ. ಅದು ನಮಗ್ಯಾರಿಗೂ ತಪ್ಪೆಂದು ಹೊಳೆಯಲೂ ಇಲ್ಲ. ಇಂದು ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದನ್ನೂ ಹೇಳಿಬಿಡಬೇಕು. ಟಿಪ್ಸ್ ಸಿಗುವ ಟೇಬಲ್ಲಿನ ಕಡೆ ಕಾಲು ತಾನಾಗಿ ಓಡುತ್ತಿತ್ತು. ಕಾರಿನಿಂದ ಇಳಿದವರಿಗೆ ಮೊದಲು ನೀರು, ಬಸ್ಸಿನಿಂದ ಇಳಿದವರಿಗೆ ಆಮೇಲೆ. ಒಂದು ಸೋಮವಾರ ಮಧ್ಯಾಹ್ನ ರುಮಾಲು ಸುತ್ತಿದ ಹಿರಿಯರೊಬ್ಬರು ನನ್ನ ಟೇಬಲ್ಲಿಗೆ ಬಂದು ಕೂತರು. ಪಕ್ಕದಲ್ಲಿ ದೊಡ್ಡ ಪಾರ್ಟಿ ಕೂತಿತ್ತು, ನಾನು ಅಲ್ಲೇ ಸುತ್ತುತ್ತಿದ್ದೆ. ಎರಡು ಸಲ ಕೈ ಎತ್ತಿದರು, "ಬಂದೆ ಯಜಮಾನ್ರ" ಎಂದೆ, ಹೋಗಲಿಲ್ಲ. ತಿರುಗಿ ನೋಡಿದಾಗ ಕುರ್ಚಿ ಖಾಲಿ. ಉಣ್ಣದೆ ಎದ್ದು ಹೋಗಿದ್ದರು. ಟಿಪ್ಸ್ ಸೇವೆಯನ್ನು ಚೊಲೋ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಆ ಖಾಲಿ ಕುರ್ಚಿ ನೆನಪಾಗುತ್ತದೆ. ಕೆಲವರಿಗೆ ಚೊಲೋ ಮಾಡುತ್ತದೆ, ಉಳಿದವರ ಪಾಲಿನದನ್ನು ಕಿತ್ತು.

ಆದ್ದರಿಂದ ಕೊಡುವಾಗ ಕೇಳಿ: "ಇದು ಎಲ್ಲಾರಿಗೂ ಹಂಚತಾರೇನಪಾ?" ಹಂಚುವುದಿಲ್ಲ ಎಂದರೆ, ಊಟ ನಿಜವಾಗಿ ಮನಸ್ಸಿಗೆ ಬಂದಿದ್ದರೆ, ಅಡುಗೆಮನೆಯ ಬಾಗಿಲಿಗೆ ಹೋಗಿ ಅಲ್ಲಿರುವವರ ಕೈಗೇ ಕೊಡಿ. ಖಾನಾವಳಿಗಳಲ್ಲಿ ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಬ್ರಿಟನ್ ಈ ಪ್ರಶ್ನೆಯನ್ನು ಕಾನೂನಿನಿಂದಲೇ ಬಗೆಹರಿಸಿದೆ. 2023ರಲ್ಲಿ ಪಾಸಾದ ಅಲ್ಲಿನ ಟಿಪ್ಸ್ ಹಂಚಿಕೆ ಕಾಯ್ದೆ 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಜಾರಿಯಲ್ಲಿದೆ. ಗಿರಾಕಿ ಕೊಟ್ಟ ಟಿಪ್ಸ್, ಸರ್ವಿಸ್ ಚಾರ್ಜ್ ಎರಡನ್ನೂ ಮಾಲೀಕ ತಾನು ಮುರಿದುಕೊಳ್ಳದೆ ಕೆಲಸಗಾರರಿಗೆ ನ್ಯಾಯವಾಗಿ ಹಂಚಬೇಕು. ನಮ್ಮಲ್ಲೂ ಇಂಥದೊಂದು ಬರಬೇಕೆಂದು ನನ್ನ ಆಸೆ.

ಸ್ಕ್ಯಾನರ್ ಬಂದ ಮೇಲೆ

ನನ್ನ ಸೋದರಳಿಯ ಈಗ ಬೆಳಗಾವಿಯ ಒಂದು ಫ್ಯಾಮಿಲಿ ರೆಸ್ಟೋರೆಂಟಿನಲ್ಲಿದ್ದಾನೆ. "ಮಾಮಾ, ಈಗ ತಾಟಿನ್ಯಾಗ ಬರೇ ಬಡೇಸೋಪ ಇರ್ತೈತಿ" ಎನ್ನುತ್ತಾನೆ. ಗಿರಾಕಿ ಗಲ್ಲೆಯ ಮುಂದೆ ಸ್ಕ್ಯಾನ್ ಮಾಡಿ, 487 ಎಂದರೆ 487 ಹೊಡೆದು ನಡೆಯುತ್ತಾರೆ. ಮೊದಲು 500ರ ನೋಟು ಕೊಟ್ಟು "ಉಳಿದಿದ್ದ ಇರಲಿ" ಎನ್ನುತ್ತಿದ್ದರಲ್ಲ, ಆ 13 ರೂಪಾಯಿ ಮಾಯವಾಗಿದೆ. ಯಾರೂ ಜಿಪುಣರಾಗಿಲ್ಲ. ಚಿಲ್ಲರೆ ಹೋಗಿದೆ, ಅದರ ಜೊತೆ ಖುಷಿಯೂ ಹೋಗಿದೆ.

ಬಿಲ್ಲಿನ ಮೇಲೆ 50 ಸೇರಿಸಿ ಸ್ಕ್ಯಾನ್ ಮಾಡಿದರೆ ಅದು ಮಾಲೀಕರ ಖಾತೆಗೆ ಹೋಗುತ್ತದೆ, ಅಲ್ಲಿಂದ ಹುಡುಗನ ಕೈಗೆ ಬರುತ್ತದೋ ಇಲ್ಲವೋ ಅವರವರ ಧರ್ಮ. ಅದಕ್ಕೆ ನಾನು ಮಾಡುವುದು ಇಷ್ಟು: ಕಿಸೆಯಲ್ಲಿ ಯಾವಾಗಲೂ ಹತ್ತು, ಇಪ್ಪತ್ತರ ಐದಾರು ನೋಟು. ಇಲ್ಲದ ದಿನ "ನಿನ್ನ ನಂಬರ್ ಹೇಳಪಾ" ಎಂದು ಅವನ ಫೋನ್‌ಪೇಗೇ ಹಾಕುತ್ತೇನೆ. ಮನೆಗೆ ಊಟ ತರುವ ಹುಡುಗರಿಗೂ ಹೀಗೇ. ಆ್ಯಪ್‌ನಲ್ಲಿ ಕೊಟ್ಟ ಟಿಪ್ಸ್ ಪೂರ್ತಿ ಅವರಿಗೇ ತಲುಪುತ್ತದೆ ಎಂದು ಕಂಪನಿಗಳು ಹೇಳುತ್ತವೆ, ಆದರೂ ಬಾಗಿಲಲ್ಲಿ ನಿಂತವನ ಕೈಗೆ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ.

ಆ್ಯಪ್‌ಗಳ ಇನ್ನೊಂದು ಚಾಳಿ, ಗಾಡಿ ಬರುವ ಮೊದಲೇ ಟಿಪ್ಸ್ ಕೇಳುವುದು. ಹೆಚ್ಚು ಕೊಟ್ಟರೆ ಬೇಗ ಬರುತ್ತದೆ ಎಂಬ ಆಸೆ ತೋರಿಸುವುದು. 2025ರ ಮೇ ತಿಂಗಳಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಬಗ್ಗೆ ಊಬರ್‌ಗೆ ನೋಟಿಸ್ ಕೊಟ್ಟಿತು. ನಮ್ಮ ಪಕ್ಕದ ಧಾರವಾಡದ ಸಂಸದರೂ ಆಗಿರುವ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ, ಟಿಪ್ಸ್ ಕೆಲಸ ಮುಗಿದ ಮೇಲೆ ಮೆಚ್ಚಿ ಕೊಡುವಂಥದ್ದು ಎಂದು ಬಹಿರಂಗವಾಗಿ ಹೇಳಿದರು. ಮೆಚ್ಚುವ ಮುಂಚೆ ಕೊಡುವುದು ಹರಾಜಿನಲ್ಲಿ ಕೂಗಿದ ಹಾಗೆ. ಆಸ್ಪತ್ರೆಗೆ ಹೊರಟ ಬಡವ ಆ ಕೂಗಿನಲ್ಲಿ ಸೋಲುತ್ತಾನೆ. ಮೊದಲೇ ಕೇಳಿದರೆ ಸೊನ್ನೆ ಒತ್ತಿ, ಇಳಿದ ಮೇಲೆ ಮನಸ್ಸು ಬಂದಷ್ಟು ಕೊಡಿ.

ನಮ್ಮ ಊರುಗಳಲ್ಲಿ ಎಷ್ಟು?

ಇದಕ್ಕೆ ನಿಯಮವಿಲ್ಲ. ನಾನು ಕೊಡುವ ಲೆಕ್ಕ ಹೇಳುತ್ತೇನೆ. ಖಾನಾವಳಿಯಲ್ಲಿ ತಲೆಗೆ ಐದೋ ಹತ್ತೋ, ಕೊಡದಿದ್ದರೂ ನಡೆಯುತ್ತದೆ. ಕೂತು ಆರ್ಡರ್ ಕೊಡುವ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಬಿಲ್ಲಿನ ಶೇ. 5ರಿಂದ 10, ಅಂದರೆ 600 ರೂಪಾಯಿಗೆ 30ರಿಂದ 60. ಲಾಡ್ಜಿನಲ್ಲಿ ಬ್ಯಾಗು ಹೊತ್ತು ತಂದವರಿಗೆ 20ರಿಂದ 50. ಕಟಿಂಗ್ ಮಾಡಿದವರಿಗೆ 10ರಿಂದ 20. ಬಾದಾಮಿ ಮೇಣಬಸದಿ, ಪಟ್ಟದಕಲ್ಲು, ಗೋಳಗುಮ್ಮಟದಲ್ಲಿ ಗೈಡ್ ಮಾಡಿಕೊಂಡರೆ ದರ ಮೊದಲೇ ಮಾತಾಡಿ. ಅದು ಅವರ ಕೂಲಿ. ಪಿಸುಗುಟ್ಟುವ ಗ್ಯಾಲರಿಗೆ ನಿಮ್ಮ ಮಕ್ಕಳನ್ನು ಕೈಹಿಡಿದು ಹತ್ತಿಸಿ, ಗೋಡೆಗೆ ಕಿವಿ ಹಚ್ಚಿಸಿ, ಆಚೆ ತುದಿಯ ಪಿಸುಮಾತು ಕೇಳಿಸಿದರೆ ಮೇಲೆ ನೂರು ರೂಪಾಯಿ ಖುಷಿಯಿಂದ ಕೊಡಿ. ವಿಜಯಪುರದ ಟಾಂಗಾಕ್ಕೂ ಹೀಗೇ, ಮೊದಲು ಬಾಡಿಗೆ ಮಾತಾಡಬೇಕು. ಟಾಂಗಾದವರು ನಿಮ್ಮ ರೊಕ್ಕದಲ್ಲೇ ಕುದುರೆಗೂ ಮೇವು ತರಬೇಕು, ಅದು ಲಕ್ಷ್ಯದಲ್ಲಿರಲಿ.

ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಹಿಂಡಿ, ಗಟ್ಟಿ ಮೊಸರು ಕೊಡುತ್ತಾರೆ. ನೆರಳಲ್ಲಿ ಕೂತು ಉಂಡು ಎದ್ದವರು ಅವರೊಂದಿಗೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ನೋಡಿದ್ದೇನೆ. ಅದೇ ಜನ ಸಂಜೆ ಏಸಿ ಹೋಟೆಲಿನಲ್ಲಿ ನೂರು ಬಿಟ್ಟು ಏಳುತ್ತಾರೆ. ನನ್ನ ಗಿರಾಕಿಗಳಿಗೆ ನಾನು ಕೈಮುಗಿದು ಹೇಳುವುದು: ಬುಟ್ಟಿಯವರ ಹತ್ತಿರ ಚೌಕಾಸಿ ಮಾಡಬೇಡಿ, ಅದೇ ಅವರಿಗೆ ಕೊಡುವ ಖುಷಿ.

ಕೂಡಲಸಂಗಮದಂಥ ಕಡೆ ದಾಸೋಹದಲ್ಲಿ ಬಡಿಸುವವರ ಕೈಗೆ ನೋಟು ಇಡಬೇಡಿ. ಅವರು ಸೇವೆಗೆ ನಿಂತವರು. ಕೊಡುವುದಿದ್ದರೆ ಹುಂಡಿ ಇದೆ, ಇಲ್ಲವೆಂದರೆ ನೀವೂ ಒಂದು ಪಂಕ್ತಿಗೆ ನೀರು ಬಡಿಸಿ ಬನ್ನಿ.

ಗ್ಯಾಸ್ ಸಿಲಿಂಡರ್ ತರುವವರು ಬಿಲ್ಲಿನ ಮೇಲೆ ಮೂವತ್ತು ನಲವತ್ತು ಕೇಳುತ್ತಾರೆ. ಬಿಲ್ಲಿನ ದರದಲ್ಲೇ ಮನೆಗೆ ತಲುಪಿಸುವ ಖರ್ಚು ಸೇರಿದೆ, ಆದ್ದರಿಂದ ಕೊಡಲೇಬೇಕೆಂದಿಲ್ಲ. ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತಂದರೆ ನಾನು ಕೊಡುತ್ತೇನೆ.

ಕೊಡಬಾರದ ಕಡೆ

ನನ್ನ ಮಗಳು ಹುಟ್ಟಿದಾಗ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಬಂದ ಹೆಂಗಸು ಕೂಸನ್ನು ಇನ್ನೂ ತೋರಿಸಿಲ್ಲ, "ಖುಷಿ ಕೊಡ್ರಿ" ಎಂದಳು. "ಗಂಡಾಗಿದ್ರ ಐದನೂರ ಕೇಳ್ತಿದ್ದೆ, ಹೆಣ್ಣೈತಿ, ಎರಡನೂರ ಕೊಟ್ಟಬಿಡ್ರಿ." ನನ್ನ ಮಗಳ ಬೆಲೆಯನ್ನು ಅವಳು ಹುಟ್ಟಿದ ಹತ್ತು ನಿಮಿಷದೊಳಗೆ ಕಡಿಮೆ ಮಾಡಿಬಿಟ್ಟಿದ್ದಳು. ಆ ಹೆಂಗಸಿಗೂ ಗುತ್ತಿಗೆದಾರನಿಂದ ಮೂರು ತಿಂಗಳು ಸಂಬಳ ಬಂದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವಳ ಕಷ್ಟ ಖರೆ. ಆದರೂ ಕೂಸನ್ನು ಕೈಯಲ್ಲಿಟ್ಟುಕೊಂಡು ಕೇಳಿದ್ದು ಖುಷಿ ಅಲ್ಲ, ಲಂಚ. ನಾನು ಕೊಟ್ಟೆ. ಕೊಡಬಾರದಿತ್ತು.

ಸರ್ಕಾರಿ ಕೆಲಸದಲ್ಲಿ ಜಮೀನಿನ ಉತಾರ ಕೊಡುವವರಿಗಾಗಲಿ, ಸರ್ವೆ ಮಾಡುವವರಿಗಾಗಲಿ, ವಾರ್ಡಿನವರಿಗಾಗಲಿ ಚಹಾ ಎಂದೂ ಖುಷಿ ಎಂದೂ ಕೊಡಬೇಡಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಡಬೇಕಾಗಿ ಬಂದಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತಕ್ಕೋ ತಿಳಿಸಿದವರಿಗೆ ರಕ್ಷಣೆ ಇದೆ.

ಖುಷಿ ಹೇಗೆ ಹಕ್ಕಿನ ವಸೂಲಿಯಾಗುತ್ತದೆ ಎಂದು ನೋಡಬೇಕಾದರೆ ನಮ್ಮ ಕಬ್ಬಿನ ಹೊಲಕ್ಕೆ ಬನ್ನಿ. ಕಟಾವಿನ ಗ್ಯಾಂಗಿಗೆ ಕೊನೆಯ ದಿನ ಊಟ ಹಾಕಿ, ಟ್ರ್ಯಾಕ್ಟರ್ ಡ್ರೈವರ್‌ಗೆ ಚಹಾಕ್ಕೆ ಕೊಡುತ್ತಿದ್ದದ್ದು ರೈತನ ಸಂತೋಷ. ಈಗ ನಮ್ಮ ಕಡೆ ಎಷ್ಟೋ ಹೊಲಗಳಲ್ಲಿ ಅದನ್ನು ಮಾತಾಡದೆ ಕೊಯ್ತವೇ ಶುರುವಾಗುವುದಿಲ್ಲ. ಕಬ್ಬು ಒಣಗುತ್ತದೆ ಎಂಬ ಹೆದರಿಕೆಗೆ ರೈತ ಕೊಡುತ್ತಾನೆ. ಕೂಲಿ ಸರಿಯಾಗಿ ಗೊತ್ತುಮಾಡದ ಕಡೆಯಲ್ಲೆಲ್ಲ ಹೀಗೇ ಆಗುತ್ತದೆ. ಅಮೆರಿಕದಲ್ಲಿ ಆದದ್ದೂ ಇದೇ.

ಅಮೆರಿಕಕ್ಕೆ ಹೊರಟವರಿಗೆ

ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ್ದು ಬರೀ 2.13 ಡಾಲರ್. 1991ರಿಂದ ಇದು ಏರಿಲ್ಲ. ಟಿಪ್ಸ್ ಸೇರಿಸಿಯೂ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು ಎಂದಿದೆ. ತಮ್ಮ ಇರುವ ಟೆಕ್ಸಾಸಿನಲ್ಲಿ ಇದೇ ದರ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ಮಾತ್ರ ವೇಟರ್‌ಗೂ ಪೂರ್ತಿ ಕನಿಷ್ಠ ಕೂಲಿ ಕೊಡಿಸುತ್ತವೆ. ಡಲ್ಲಾಸಿನ ಹೋಟೆಲಿನಲ್ಲಿ ನಿಮಗೆ ನೀರು ತಂದಿಟ್ಟ ಹುಡುಗಿಗೆ ನೀವು ಬಿಟ್ಟುಬರುವ ಹಣವೇ ಸಂಬಳ. ಅದು ಆಯ. ರೂಪಾಯಿಗೆ ಗುಣಿಸಿ ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ.

ಈ ಪದ್ಧತಿಯ ಬೇರು ನೋವಿನದು. ಗುಲಾಮಗಿರಿ ಮುಗಿದ ಮೇಲೆ ಪುಲ್ಮನ್ ಎಂಬ ಕಂಪನಿ ತನ್ನ ಸ್ಲೀಪರ್ ರೈಲುಗಳಲ್ಲಿ ಕಪ್ಪು ಜನರನ್ನೇ ಪೋರ್ಟರ್‌ಗಳಾಗಿ ಇಟ್ಟುಕೊಂಡಿತು. ಸಂಬಳ ತೀರ ಕಡಿಮೆ, ಉಳಿದದ್ದು ಪ್ರಯಾಣಿಕರ ಟಿಪ್ಸ್. ಮಾಲೀಕನ ಹೆಸರು ಜಾರ್ಜ್ ಪುಲ್ಮನ್ ಎಂದು ಎಲ್ಲ ಪೋರ್ಟರ್‌ಗಳನ್ನೂ "ಜಾರ್ಜ್" ಎಂದೇ ಕೂಗುತ್ತಿದ್ದರು. ನನ್ನನ್ನು ನಾಲ್ಕು ವರ್ಷ "ಏ ಹುಡುಗಾ" ಎಂದು ಕೂಗಿದ್ದಾರೆ, ಹಾಗಾಗಿ ಇದನ್ನು ಓದಿದಾಗ ಕರುಳು ಚುರ್ರೆಂದಿತು. 1925ರಲ್ಲಿ ಅವರು ಸಂಘ ಕಟ್ಟಿದರು, ಎ. ಫಿಲಿಪ್ ರಾಂಡಾಲ್ಫ್ ಅದರ ನಾಯಕ. 1937ರಲ್ಲಿ ಕಂಪನಿಯೊಂದಿಗೆ ಒಪ್ಪಂದವಾಗಿ ಸಂಬಳ ಏರಿತು. ಆ ಕಾಲದಲ್ಲಿ ಟಿಪ್ಸ್ ಕೀಳು ಪದ್ಧತಿ ಎಂದು 1909ರಲ್ಲಿ ವಾಷಿಂಗ್ಟನ್ ರಾಜ್ಯ ನಿಷೇಧಿಸಿತ್ತು, ಇನ್ನೂ ಕೆಲವು ರಾಜ್ಯ ಹಿಂಬಾಲಿಸಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಬಿದ್ದುಹೋದವು.

ಈಗ ಮಾಡಬೇಕಾದ್ದು. ಕೂತು ಉಣ್ಣುವ ಹೋಟೆಲಿನಲ್ಲಿ ಶೇ. 15ರಿಂದ 20. ಲೆಕ್ಕ ತೆರಿಗೆಗೆ ಮುಂಚಿನ ಮೊತ್ತದ ಮೇಲೆ. ಡಲ್ಲಾಸಿನಲ್ಲಿ ಮಾರಾಟ ತೆರಿಗೆ ಶೇ. 8.25, ಬಿಲ್ಲಿನಲ್ಲಿರುವ ತೆರಿಗೆಯನ್ನು ಎರಡುಪಟ್ಟು ಮಾಡಿ ತುಸು ಸೇರಿಸಿದರೆ ಸಾಕು. ಕಾರ್ಡನ್ನು ಒಯ್ದು ತಿರುಗಿ ತಂದಾಗ ಎರಡು ಚೀಟಿ ಬರುತ್ತವೆ. ಒಂದರಲ್ಲಿ ಟಿಪ್ ಎಂಬ ಗೆರೆ, ಕೆಳಗೆ ಟೋಟಲ್ ಎಂಬ ಗೆರೆ. ಎರಡನ್ನೂ ನೀವೇ ಬರೆದು ಸಹಿ ಹಾಕಬೇಕು. ಖಾಲಿ ಬಿಡಬೇಡಿ. ಫೋನಿಗೆ ಮೊದಲು ಕಡಿಮೆ ಮೊತ್ತದ ಮೆಸೇಜ್ ಬಂದು, ಕೊನೆಗೆ ಟಿಪ್ಸ್ ಸೇರಿದ ಮೊತ್ತ ಕಟ್ ಆದರೆ ಗಾಬರಿ ಬೇಡ, ಅಲ್ಲಿನ ರೀತಿಯೇ ಹಾಗೆ. ಆರು ಎಂಟು ಜನ ಒಟ್ಟಿಗೆ ಹೋದರೆ ಅವರೇ ಶೇ. 18 ಸೇರಿಸಿರಬಹುದು. ನಮ್ಮ ಬೀಗರೊಬ್ಬರು ಅದನ್ನು ನೋಡದೆ ಮತ್ತೊಮ್ಮೆ ಕೊಟ್ಟು ಬಂದರು.

ಹೋಟೆಲ್ ರೂಮು ಸ್ವಚ್ಛ ಮಾಡುವವರಿಗೆ ದಿನಕ್ಕೆ ಎರಡರಿಂದ ಐದು ಡಾಲರ್. ಕೊನೆಯ ದಿನ ಒಟ್ಟಿಗೆ ಇಡಬೇಡಿ, ದಿನವೂ ಬೇರೆಯವರು ಬರಬಹುದು. ಬ್ಯಾಗಿಗೆ ಒಂದೆರಡು ಡಾಲರ್, ಟ್ಯಾಕ್ಸಿಗೆ ಶೇ. 15ರ ಹತ್ತಿರ. ವಿಮಾನ ಇಳಿಯುವ ಮೊದಲೇ ಒಂದು ಡಾಲರಿನ ನೋಟುಗಳು ಇಪ್ಪತ್ತಾದರೂ ಕೈಯಲ್ಲಿರಲಿ.

ಕೌಂಟರಿನಲ್ಲಿ ನಿಂತು ಕಾಫಿ ಕೊಂಡಾಗ ಪರದೆ ತಿರುಗಿಸಿ ಶೇ. 18, 20, 25 ಎಂದು ತೋರಿಸುತ್ತಾರೆ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಬೆವರು ಬರುತ್ತದೆ. ಅಲ್ಲಿ "ಟಿಪ್ ಬೇಡ" ಒತ್ತಿದರೆ ತಪ್ಪಿಲ್ಲ, ಪಾರ್ಸಲ್‌ಗೂ ಹಾಗೆ. ಅಲ್ಲಿನವರಿಗೇ ಇದು ಸಾಕಾಗಿದೆ. ಐದು ವರ್ಷದ ಹಿಂದಿಗಿಂತ ಹೆಚ್ಚು ಕಡೆ ಟಿಪ್ಸ್ ನಿರೀಕ್ಷಿಸುತ್ತಿದ್ದಾರೆ ಎಂದು 2023ರ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಶೇ. 72 ಜನ ಹೇಳಿದ್ದಾರೆ. ನ್ಯೂಯಾರ್ಕಿನ ಹೆಸರಾಂತ ಹೋಟೆಲ್ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸ್ ತೆಗೆದು, ದರ ಏರಿಸಿ, ಅಡುಗೆಮನೆಯವರಿಗೂ ಸಂಬಳ ಹೆಚ್ಚಿಸಲು ಹೊರಟರು. 2020ರಲ್ಲಿ ಅದನ್ನು ಕೈಬಿಡಬೇಕಾಯಿತು. ರೊಟ್ಟಿ ಬಡಿಯುತ್ತಿದ್ದ ಆ ಅಕ್ಕಗಳನ್ನು ನೆನೆದು, ಆ ಪ್ರಯತ್ನ ಗೆಲ್ಲಬೇಕಿತ್ತು ಅನ್ನಿಸುತ್ತದೆ.

ಉಳಿದ ದೇಶಗಳು

ಜಪಾನಿನಲ್ಲಿ ಟೇಬಲ್ ಮೇಲೆ ಹಣ ಬಿಟ್ಟರೆ ಮರೆತಿರಿ ಎಂದು ಬೀದಿಯವರೆಗೆ ಓಡಿಬಂದು ಕೊಡುತ್ತಾರೆ. ಚೆನ್ನಾಗಿ ಮಾಡುವುದು ಕೆಲಸದೊಳಗೇ ಸೇರಿದೆ ಎಂಬ ಭಾವನೆ ಅಲ್ಲಿಯದು. ಹಳೆಯ ಪದ್ಧತಿಯ ವಸತಿಗೃಹಗಳಲ್ಲಿ ಮಾತ್ರ ಲಕೋಟೆಯಲ್ಲಿಟ್ಟು ಕೊಡುವ ಕೊಕೊರೊಜುಕೆ ಎಂಬ ರೂಢಿ ಉಂಟು, ಅದೂ ಕಡ್ಡಾಯವಲ್ಲ. ತಲೆಬಾಗಿ ಧನ್ಯವಾದ ಹೇಳಿ, ಸಾಕು. ಕೊರಿಯಾ, ಚೀನಾದಲ್ಲೂ ಸಾಮಾನ್ಯ ಹೋಟೆಲಿನಲ್ಲಿ ಕೊಡುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಕೂಲಿಯೇ ಚೆನ್ನಾಗಿದೆ, ನಿರೀಕ್ಷೆ ಇಲ್ಲ. ಸಿಂಗಪುರದಲ್ಲಿ ಹೆಚ್ಚಿನ ಹೋಟೆಲುಗಳು ಶೇ. 10 ಸೇವಾ ಶುಲ್ಕ ಹಾಕಿರುತ್ತವೆ, ಮೇಲೆ ಕೊಡಬೇಕಿಲ್ಲ.

ಫ್ರಾನ್ಸಿನಲ್ಲಿ ದರಪಟ್ಟಿಯ ಬೆಲೆಯಲ್ಲೇ ಸೇವೆ ಸೇರಿರಬೇಕೆಂದು ಕಾನೂನಿದೆ. ಮೆಚ್ಚಿದರೆ ಒಂದೆರಡು ಯೂರೊ ನಾಣ್ಯ. ಜರ್ಮನಿಯಲ್ಲಿ ಟೇಬಲ್ ಮೇಲೆ ಬಿಡುವ ಬದಲು ಹಣ ಕೊಡುವಾಗಲೇ ಮೊತ್ತ ಹೇಳುತ್ತಾರೆ: ಬಿಲ್ಲು 27 ಆದರೆ "30 ಮಾಡಿ" ಎಂದರಾಯಿತು. ಲಂಡನ್ನಿನ ಬಿಲ್ಲಿನಲ್ಲಿ ಶೇ. 12.5 ಸೇರಿರುವುದು ಸಾಮಾನ್ಯ, ಅದು ಐಚ್ಛಿಕ, ಬೇಡವೆಂದರೆ ತೆಗೆಯುತ್ತಾರೆ. ಇಟಲಿಯಲ್ಲಿ ತಲೆಗೆ ಇಷ್ಟು ಎಂದು ಕೋಪೆರ್ತೊ ಹಾಕುತ್ತಾರೆ. ಅದು ಟೇಬಲ್ಲಿಗೆ ಹಾಕುವ ದರ, ಟಿಪ್ಸ್ ಅಲ್ಲ. ವಿಜಯಪುರದಿಂದ ಉಮ್ರಾಕ್ಕೆ ಹೋಗುವವರೂ ಕೇಳುತ್ತಾರೆ: ಸೌದಿಯಲ್ಲಿ ಕಡ್ಡಾಯವಿಲ್ಲ, ಸಾಮಾನು ಹೊತ್ತವರಿಗೆ ಐದು ಹತ್ತು ರಿಯಾಲ್ ಕೊಟ್ಟರೆ ಸಂತೋಷಪಡುತ್ತಾರೆ. ಅಂಥ ಕೆಲಸದಲ್ಲಿರುವವರು ಬಹಳ ಸಲ ನಮ್ಮ ದೇಶದವರೋ ಬಾಂಗ್ಲಾದವರೋ ಆಗಿರುತ್ತಾರೆ.

ಬಾಡಿಗೆ ಗಾಡಿಯ ಡ್ರೈವರ್

ಇದು ನನ್ನದೇ ವ್ಯಾಪಾರ, ಅದಕ್ಕೇ ಕೊನೆಗಿಟ್ಟೆ. ಎರಡು ವರ್ಷದ ಹಿಂದೆ ನಿವೃತ್ತ ಮಾಸ್ತರರೊಬ್ಬರು ಅಮೆರಿಕದಿಂದ ತಿರುಗಿ ಬಂದು ಆಫೀಸಿಗೆ ಬಂದರು. ನಾನು ಹೇಳಿದ ಹಾಗೇ ಎಲ್ಲ ಕಡೆ ಕೊಟ್ಟು ಬಂದಿದ್ದರು. ಕೂತು ನೀರು ಕುಡಿದು ಕೇಳಿದರು: "ನಮ್ಮನ್ನ ಬೆಳಗಾವಿ ಸಾಂಬ್ರಾ ವಿಮಾನ ನಿಲ್ದಾಣದಿಂದ ಕರ್ಕೊಂಡ ಬಂದ ಹುಡುಗಗ ನೀವ ಬಾಟಾ ಎಷ್ಟ ಕೊಡ್ತೀರಿ?"

ಬಾಟಾ ಎಂದರೆ ಡ್ರೈವರಿನ ದಿನದ ಊಟ ವಸತಿಯ ಖರ್ಚು. ಗಿರಾಕಿಯಿಂದ ನಾವು ಅದನ್ನು ಬಾಡಿಗೆಯೊಳಗೇ ತೆಗೆದುಕೊಂಡಿರುತ್ತಿದ್ದೆವು. ಡ್ರೈವರ್‌ಗೆ ಅದರಲ್ಲಿ ಎಷ್ಟು ಹೋಗುತ್ತದೆ ಎಂದು ಗಿರಾಕಿಗೆ ಗೊತ್ತಿರುತ್ತಿರಲಿಲ್ಲ, ಅವನಿಗೆ ನಾನು ಕೊಡುತ್ತಿದ್ದುದು 200. ಉಳಿದದ್ದು ಗಿರಾಕಿ ಖುಷಿಯಿಂದ ಕೊಟ್ಟಾರು ಎಂದು ಬಿಟ್ಟಿದ್ದೆ. ಮಾಸ್ತರರ ಮುಂದೆ ಆ ಅಂಕಿ ಹೇಳುವಾಗ ನನಗೆ ಡಲ್ಲಾಸಿನ 2.13 ನೆನಪಾಯಿತು.

ಈಗ ಬಿಲ್ಲಿನಲ್ಲಿ ಅದು ಬೇರೆ ಸಾಲು: ಡ್ರೈವರ್ ಬಾಟಾ ದಿನಕ್ಕೆ 400 ರೂ., ರಾತ್ರಿ ಹಾಲ್ಟ್ ಇದ್ದರೆ ಇನ್ನೂ 300. ಅಷ್ಟೂ ಅವನಿಗೇ. ನೀವು ಯಾರ ಗಾಡಿ ಮಾಡಿದರೂ ಬುಕ್ ಮಾಡುವಾಗಲೇ ಎರಡು ಮಾತು ಕೇಳಿ: ಬಾಟಾ ಬಾಡಿಗೆಯೊಳಗೆ ಸೇರಿದೆಯೇ, ಮತ್ತು ಅದರಲ್ಲಿ ಡ್ರೈವರ್ ಕೈಗೆ ಹೋಗುವುದೆಷ್ಟು. ಉತ್ತರ ಕೊಡಲು ತಡವರಿಸಿದರೆ ಬಾಟಾವನ್ನು ಬಾಡಿಗೆಯಿಂದ ಬಿಡಿಸಿ, ಪ್ರಯಾಣ ಮುಗಿದ ರಾತ್ರಿ ಡ್ರೈವರಿನ ಕೈಗೆ ನೀವೇ ಕೊಡಿ. ಊಟದ ಹೊತ್ತಿಗೆ ಗಾಡಿ ನಿಲ್ಲಿಸಿದಾಗ ಅವನನ್ನೂ ಒಳಗೆ ಕರೆಯಿರಿ.